1500 ರೂಪಾಯಿ ದಂಡದ ರಸೀದಿ ಮತ್ತು ನನ್ನ ಕೆನಡಾ ದಾರಿ

2012ರ ಜನವರಿಲಿ ಕಾರವಾರದ ಕೋರ್ಟಲ್ಲಿ ತಪ್ಪೊಪ್ಕೊಂಡು 1500 ರೂಪಾಯಿ ದಂಡ ಕಟ್ಟಿ ಹೊರಗೆ ಬಂದೆ, ಅಣ್ಣ ಚಾ ಕುಡಿಸ್ದ, ಕೇಸು ಮುಗೀತು ಅಂದ್ಕೊಂಡು ಮರ್ತೇ ಬಿಟ್ಟೆ. ಆ ರಸೀದಿ ಒಂಬತ್ತು ವರ್ಷ ನನ್ನ ಬೆನ್ನು ಬಿಡ್ಲಿಲ್ಲ. ಈಗ ಕೆನಡಾದ ಹ್ಯಾಲಿಫ್ಯಾಕ್ಸಲ್ಲಿ ಹಡಗು ರಿಪೇರಿ ಯಾರ್ಡಲ್ಲಿ ವೆಲ್ಡರ್ ಆಗಿದ್ದೇನೆ, ರಜೆಗೆ ಊರಿಗೆ ಬಂದಾಗ ಇದನ್ನ ಬರೀತಾ ಇದ್ದೇನೆ, ಯಾಕಂದ್ರೆ "ಕೇಸಿದ್ದವ್ರಿಗೆ ಕೆನಡಾ ಆಗೂದಿಲ್ಲ ಮಾರಾಯ, ಆದ್ರೆ ಮುಚ್ಚಿಟ್ರೆ ಮಾತ್ರ ಆಗ್ತದೆ" ಅಂತ ನಂಗೆ ಹೇಳ್ದವ್ರೇ ಈಗ ಫೋನ್ ಮಾಡಿ ಹೇಗಾಯ್ತು ಅಂತ ಕೇಳ್ತಾ ಇದ್ದಾರೆ.

ಕೇಸು ಏನು ಅಂತ ಹೇಳಿಬಿಡ್ತೇನೆ. 2010ರಲ್ಲಿ ಬೈತಖೋಲ್ ಬಂದರಲ್ಲಿ ದೋಣಿ ಕಟ್ಟೋ ಜಾಗಕ್ಕೆ ಜಗಳ, ನಾನು ಒಬ್ರ ಕೆನ್ನೆಗೆ ಎರಡು ಕೊಟ್ಟೆ, ತುಟಿ ಒಡೀತು. ತಪ್ಪು ನಂದೇ. ಅವ್ರ ದೂರಲ್ಲಿ ದೋಣಿ ಹುಟ್ಟಿನಿಂದ ಹೊಡ್ದ ಅಂತ ಇತ್ತು, ಅದ್ಕೆ ಎಫ್‌ಐಆರಲ್ಲಿ ಐಪಿಸಿ 324, ಅಂದ್ರೆ ಆಯುಧದಿಂದ ಗಾಯ ಮಾಡಿದ್ದು ಅಂತ ಹಾಕಿದ್ರು, ತನಿಖೆ ಆದ್ಮೇಲೆ ಹುಟ್ಟಿನ ವಿಷಯ ಬಿದ್ದು ಹೋಯ್ತು, ಚಾರ್ಜ್‌ಶೀಟಲ್ಲಿ ಉಳಿದದ್ದು 323 (ಹೊಡೆದು ಸಾದಾ ಗಾಯ ಮಾಡಿದ್ದು), 504 (ಬೈದು ಕೆಣಕಿದ್ದು) ಎರಡೇ. ಈ ಎರಡೂ ಕಲಂ ರಾಜಿ ಆಗೋವು, ದೂರುದಾರರು ಒಪ್ಪಿ ಕೋರ್ಟಲ್ಲಿ ರಾಜಿ ಮಾಡ್ಕೊಂಡಿದ್ರೆ ಅದು ಖುಲಾಸೆಗೆ ಸಮ ಆಗ್ತಿತ್ತು. ಅದು ನಂಗೆ ಆಗ ಗೊತ್ತಿರ್ಲಿಲ್ಲ. "ತಪ್ಪೊಪ್ಕೊ, ದಂಡ ಕಟ್ಟು, ಕೆಲ್ಸಕ್ಕೆ ಹೋಗು" ಅಂದ್ರು, ಹಾಗೇ ಮಾಡ್ದೆ. ದಂಡ ಅಂದ್ರೆ ಶಿಕ್ಷೆ, ತಪ್ಪೊಪ್ಪಿಗೆ ಅಂದ್ರೆ ದೋಷಿ ಅಂತ ತೀರ್ಪು. ಇವತ್ತಿನ ಹುಡುಗ್ರಿಗೆ ಇದೊಂದು ಗಟ್ಟಿಯಾಗಿ ಹೇಳ್ತೇನೆ, ಈಗ ಅದೇ ಕಲಂಗಳು ಐಪಿಸಿ ಬದಲು ಬಂದ ಹೊಸ ಕಾನೂನಲ್ಲಿ ಬಿಎನ್‌ಎಸ್ 115(2), 352 ಆಗಿವೆ, ರಾಜಿಗೆ ಈಗ್ಲೂ ಅವಕಾಶ ಇದೆ, ಎದುರಿನವ್ರ ಮನೆಗೆ ಹೋಗಿ ಕಾಲು ಹಿಡಿದಾದ್ರೂ ರಾಜಿ ಮಾಡ್ಕೊಳ್ಳಿ, ಸುಮ್ನೆ ದಂಡ ಕಟ್ಟಿ ಬರಬೇಡಿ.

ಮೊದಲ ಸಲ 2016ರಲ್ಲಿ. ಒಬ್ಬ ಏಜೆಂಟು 40 ಸಾವಿರ ತಕ್ಕೊಂಡ. ಪಾಸ್‌ಪೋರ್ಟ್ ಆಫೀಸಿಂದ ಪಿಸಿಸಿ, ಅಂದ್ರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು ತೆಗ್ಸಿದ್ದೆ, 500 ರೂಪಾಯಿ, ಅದು ಕ್ಲೀನ್ ಬಂತು, ಅವ್ನು ಅದನ್ನ ನೋಡಿ "ಪಿಸಿಸಿಲೇ ಇಲ್ಲ ಅಂದ್ಮೇಲೆ ನೀನ್ಯಾಕೆ ಹೇಳ್ತಿ, ಇಲ್ಲ ಅಂತ ಟಿಕ್ ಹಾಕ್ತೇನೆ" ಅಂದ. ಫಾರ್ಮಲ್ಲಿ ಕೇಳೋದು ಯಾವ ದೇಶದಲ್ಲಾದ್ರೂ ಅರೆಸ್ಟು, ಚಾರ್ಜು, ಶಿಕ್ಷೆ ಆಗಿದ್ಯಾ ಅಂತ, ಪಿಸಿಸಿ ಹೇಗೆ ಬಂತು ಅಂತ ಅಲ್ಲ. ಸುಳ್ಳು ಬರೆದು ಸಿಕ್ಕಿಬಿದ್ರೆ ಐದು ವರ್ಷ ಬ್ಯಾನ್. ನಾನು ಒಪ್ಲಿಲ್ಲ, ಅಲ್ಲೊಂದು ಸಣ್ಣ ಹೆಮ್ಮೆ ನಂಗೆ ಈಗ್ಲೂ ಇದೆ. ಹಾಗಾದ್ರೆ ಕ್ರಿಮಿನಲ್ ರಿಹ್ಯಾಬಿಲಿಟೇಶನ್, ಅಂದ್ರೆ ಹಳೇ ಶಿಕ್ಷೆ ಇದ್ರೂ ಕೆನಡಾಕ್ಕೆ ಬರೋಕೆ ಬಿಡಿ ಅಂತ ಕೇಳೋ ಅರ್ಜಿ ಹಾಕುವ ಅಂತ ಹಾಕ್ದ, ಫೀ 200 ಡಾಲರ್, ಹತ್ತು ಸಾವಿರದ ಹತ್ರ. ಆರ್ನೇ ತಿಂಗ್ಳಿಗೆ ವಾಪಸ್ ಬಂತು. ಈ ಅರ್ಜಿ ಹಾಕೋಕೆ ಐದು ವರ್ಷ ಆಗಿರ್ಬೇಕು, ಅದನ್ನ ಅವ್ನು ಜಗಳ ಆದ ದಿನದಿಂದ ಎಣಿಸಿದ್ದ. ಎಣಿಸ್ಬೇಕಾದ್ದು ಶಿಕ್ಷೆ ಪೂರ್ತಿ ಮುಗಿದ ದಿನದಿಂದ, ದಂಡದ ಕೇಸಲ್ಲಿ ದಂಡ ಕಟ್ಟಿದ ದಿನದಿಂದ. ಅಂದ್ರೆ ನಂಗೆ 2017ರ ಜನವರಿವರೆಗೆ ಅರ್ಹತೆಯೇ ಇರ್ಲಿಲ್ಲ.

ಮಧ್ಯೆ ಒಂದು ಬೇರೆ ದಾರಿನೂ ನೋಡ್ದೆ, ಆ ತೀರ್ಪನ್ನೇ ತೆಗ್ಸಿ ಹಾಕೋದು. ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲ್ರನ್ನ ಹಿಡ್ದೆ, ಬಸ್ಸು, ಊಟ, ಫೀಸು ಸೇರಿ 35 ಸಾವಿರ ಹೋಯ್ತು. ಕೊನೆಗೆ ಅವ್ರೇ ಪ್ರಾಮಾಣಿಕವಾಗಿ ಹೇಳಿದ್ರು, ತಾನಾಗೇ ತಪ್ಪೊಪ್ಕೊಂಡಾಗ ಅಪೀಲಿಗೆ ಜಾಗ ತುಂಬಾ ಕಮ್ಮಿ, ವರ್ಷಗಳ ವಿಳಂಬ ಬೇರೆ, ದುಡ್ಡು ಉಳಿಸ್ಕೊ ಅಂತ. ಆಗ್ಲೇ ಬೇರೆ ದೇಶಗಳ ಲೆಕ್ಕನೂ ಹಾಕ್ದೆ. ಆಸ್ಟ್ರೇಲಿಯಾದಲ್ಲಿ 12 ತಿಂಗ್ಳು ಅಥವಾ ಹೆಚ್ಚಿನ ಜೈಲು ಶಿಕ್ಷೆ ಆಗಿದ್ರೆ ಅದು ದೊಡ್ಡ ರೆಕಾರ್ಡ್, ನಂದು ಬರೀ ದಂಡ, ಅಲ್ಲಿಗಾದ್ರೆ ಇಷ್ಟು ಒದ್ದಾಟ ಬೇಕಾಗ್ತಿರ್ಲಿಲ್ಲ. ಆದ್ರೆ ಕೆಲ್ಸದ ಆಫರು ಬಂದದ್ದು ಕೆನಡಾದಿಂದ.

ಎರಡನೇ ಸಲ 2018, ಇದೇ ನಂಗೆ ಜಾಸ್ತಿ ಹೊಡೆತ ಕೊಟ್ಟದ್ದು. ಬೇರೆ ಕನ್ಸಲ್ಟೆಂಟು. ಅವ್ರು ಎಫ್‌ಐಆರ್ ಮಾತ್ರ ಇಂಗ್ಲಿಷಿಗೆ ಮಾಡ್ಸಿದ್ರು, ಚಾರ್ಜ್‌ಶೀಟು, ತೀರ್ಪು ಯಾವ್ದೂ ಇಲ್ಲ. ಅದ್ರಲ್ಲಿ ಹುಟ್ಟನ್ನ ಭಾಷಾಂತರ ಮಾಡ್ದವ್ರು ಮರದ ಆಯುಧ ಅಂತ ಬರೆದ್ರು. ನಮ್ಮ ಕೇಸನ್ನ ಕೆನಡಾದವ್ರು ಅವ್ರ ಕಾನೂನಿನ ಕಲಂಗೆ ಹೋಲಿಸಿ ನೋಡ್ತಾರೆ, ಅಲ್ಲಿ ಕೈಲಿ ಹೊಡೆದ್ರೆ ಒಂದು ಕಲಂ, ಗರಿಷ್ಠ ಐದು ವರ್ಷ. ಆಯುಧ ಅಂತ ಬಂದ್ರೆ ಬೇರೆ ಕಲಂ, ಗರಿಷ್ಠ ಹತ್ತು ವರ್ಷ, ಅದು ಗಂಭೀರ ಅಪರಾಧದ ಸಾಲಿಗೆ. ಫೀ ಕೂಡ 200 ಹೋಗಿ 1000 ಡಾಲರ್, ಹೆಚ್ಚುಕಮ್ಮಿ 53 ಸಾವಿರ ರೂಪಾಯಿ, ನಾನೇ ಕಟ್ದೆ, ಯಾಕಂದ್ರೆ ಹಾಗೇ ಕಟ್ಟು ಅಂದ್ರು. ವರ್ಷದ ಮೇಲೆ ರಿಜೆಕ್ಟ್. ಒಂದೇ ಒಂದು ಶಬ್ದ. ಆ ದಿನ ಮನೆಲಿ ಯಾರೂ ಊಟ ಮಾಡ್ಲಿಲ್ಲ, ಹೆಂಡ್ತಿ ಬಳೆ ಅಡವಿಟ್ಟ ದುಡ್ಡು ಅದು.

ಮೂರನೇ ಸಲ ಯಾರನ್ನೂ ಹಿಡೀಲಿಲ್ಲ, ನಾನೇ ಕೂತೆ. ಮೊದ್ಲು ಕೋರ್ಟಲ್ಲಿ ನಕಲು ಅರ್ಜಿ ಹಾಕಿ ಚಾರ್ಜ್‌ಶೀಟು, ಆರ್ಡರ್‌ಶೀಟು, ತೀರ್ಪು, ದಂಡದ ರಸೀದಿ ಎಲ್ಲದ್ರ ಸರ್ಟಿಫೈಡ್ ಕಾಪಿ ತೆಗ್ದೆ. ಮೂರು ವಾರ ಆಯ್ತು, ಹಳೇ ಕಟ್ಟು ಹುಡುಕ್ಬೇಕಿತ್ತು. ಹಳೇ ಫೈಲುಗಳನ್ನ ಇಷ್ಟು ವರ್ಷ ಅಂತ ಇಟ್ಟು ಆಮೇಲೆ ನಾಶ ಮಾಡ್ತಾರೆ, ನಿಮ್ದು ಇದ್ರೆ ಇವತ್ತೇ ತೆಗ್ಸಿಡಿ. ಆಮೇಲೆ ವೂಂಡ್ ಸರ್ಟಿಫಿಕೇಟು, ಅಂದ್ರೆ ಗಾಯ ಎಷ್ಟು ಅಂತ ಬರೆದ ಕಾಗದ, ಅದ್ರಲ್ಲಿ ಸಾದಾ ಗಾಯ ಅಂತ ಡಾಕ್ಟ್ರು ಬರೆದಿದ್ರು, ನನ್ನ ಪ್ರಕಾರ ಇಡೀ ಫೈಲಲ್ಲಿ ಅದೇ ರಾಜ. ಭಾಷಾಂತರಕ್ಕೆ ಆರು ಸಾವಿರ ಕೊಟ್ಟೆ, ಎದುರಿಗೆ ಕೂತು ಸಾಲು ಸಾಲು ಓದಿಸ್ದೆ. ಹುಟ್ಟಿಗೆ ದೋಣಿ ನಡೆಸೋ ಸಾಧನ ಅಂತ್ಲೇ ಬರೀರಿ ಅಂದೆ, ಕಾಗದದಲ್ಲಿ ಇಲ್ಲದ್ದು ಸೇರ್ಸಬೇಡಿ, ಇದ್ದದ್ದು ಬಿಡಬೇಡಿ ಅಂದೆ. ಎಫ್‌ಐಆರನ್ನೂ ಬಿಡ್ಲಿಲ್ಲ, ಹಳೇ ರಿಜೆಕ್ಷನ್ ಪತ್ರನೂ ಇಟ್ಟೆ.

504ಕ್ಕೆ, ಅಂದ್ರೆ ಕೆಟ್ಟದಾಗಿ ಬೈದದ್ದಕ್ಕೆ, ಕೆನಡಾದಲ್ಲಿ ನೇರ ಸಮ ಆಗೋ ಕಲಂ ನಂಗೆ ಸಿಗ್ಲಿಲ್ಲ, ಹಾಗಂತ ಪತ್ರದಲ್ಲಿ ವಿವರವಾಗಿ ಬರೆದೆ. ಜೀವ ಬೆದರಿಕೆಯ 506 ಇದ್ದಿದ್ರೆ ಕಷ್ಟ ಇತ್ತು, ಬೆದರಿಕೆಗೆ ಅಲ್ಲಿ ನೇರ ಕಲಂ ಇದೆ.

ಇನ್ನು ನಡತೆ ಪತ್ರಗಳು. ಆಗ ಕೆಲ್ಸ ಮಾಡ್ತಿದ್ದ ಯಾರ್ಡಿನ ಫೋರ್‌ಮನ್ ಒಂದು, ದೇವಸ್ಥಾನ ಕಮಿಟಿ ಒಂದು, ಮೀನುಗಾರರ ಸೊಸೈಟಿ ಒಂದು. ಆದ್ರೆ ನಾಲ್ಕನೇದು ಯಾರೂ ತರೂದಿಲ್ಲ, ನಾನು ತಂದೆ. ನಾನು ಹೊಡೆದವ್ರ ಮನೆಗೇ ಹೋದೆ. ಎಂಟು ವರ್ಷದ ಮೇಲೆ ಮೊದಲ ಸಲ ಅವ್ರ ಅಂಗಳ ತುಳಿದದ್ದು. ಅವ್ರ ಹೆಂಡ್ತಿ ಬಾಗಿಲಲ್ಲೇ ನಿಂತ್ರು, ಅವ್ರು ಒಳಗಿಂದ "ಯಾಕೆ ಬಂದ್ಯೋ?" ಅಂದ್ರು. "ಅಣ್ಣಾ, ಕ್ಷಮೆ ಕೇಳೋಕೆ ಬಂದೆ, ಕಾಗದ ಕೊಟ್ರೆ ಕೊಡಿ, ಇಲ್ದಿದ್ರೂ ಕ್ಷಮೆ ಕೇಳೇ ಹೋಗ್ತೆ" ಅಂದೆ. ಎರಡನೇ ಸಲ ಹೋದಾಗ ಅವ್ರೇ ಬರೆಸಿ ಕೊಟ್ರು, ಹೊಡೆದದ್ದು ಕೈಲಿ, ಹುಟ್ಟು ದೋಣಿಲೇ ಇತ್ತು, ಈಗ ನಮ್ಮ ಮಧ್ಯೆ ಏನೂ ಇಲ್ಲ ಅಂತ. ನೋಟರಿಗೆ ನನ್ನ ಜೊತೆ ಬಂದ್ರು. ಸ್ಟ್ಯಾಂಪ್ ಪೇಪರಿನ ದುಡ್ಡು ಕೊಡೋಕೂ ಬಿಡ್ಲಿಲ್ಲ.

ನನ್ನ ಸ್ವಂತ ಹೇಳಿಕೆ ಎರಡು ಪೇಜು. ಅದ್ರ ಮೊದಲ ಪ್ಯಾರಾ ಹೇಗೆ ಬರೆದೆ, ಕಾಗದ ಯಾವ ಕ್ರಮದಲ್ಲಿ ಜೋಡಿಸ್ದೆ ಅನ್ನೋದು ಇಲ್ಲಿ ಬರೆಯಲ್ಲ, ಎಲ್ರೂ ಅದನ್ನೇ ಕಾಪಿ ಹೊಡೆದ್ರೆ ಅದಕ್ಕೆ ಜೀವ ಇರೂದಿಲ್ಲ, ನಿಮ್ಮ ಮಾತಲ್ಲಿ ನಿಮ್ಮದನ್ನ ಬರೀರಿ.

2019ರ ಕೊನೆಗೆ ಹಾಕಿದ್ದು, ಕೊರೊನಾ ಬಂದು ನಿಂತಿತು, 2021ರಲ್ಲಿ ಮಂಜೂರಾಯ್ತು. ಈ ಸಲ 200 ಡಾಲರೇ ಸಾಕಾಯ್ತು. ಎಲ್ಲಾ ಸೇರಿ ಮೂರು ಸಲಕ್ಕೆ ಒಂದೂ ಮುಕ್ಕಾಲು ಲಕ್ಷ ಖರ್ಚು, ಅದ್ರಲ್ಲಿ ಕೆಲ್ಸಕ್ಕೆ ಬಂದದ್ದು ಕೊನೆಯ ಇಪ್ಪತ್ತು ಸಾವಿರ. ಒಂದೇ ಅಪರಾಧ, ಅದ್ರ ಗರಿಷ್ಠ ಶಿಕ್ಷೆ ಅಲ್ಲಿ ಹತ್ತು ವರ್ಷಕ್ಕಿಂತ ಕಮ್ಮಿ, ದಂಡ ಕಟ್ಟಿ ಹತ್ತು ವರ್ಷ ಕಳೆದಿದೆ ಅಂದ್ರೆ ಅರ್ಜಿನೇ ಇಲ್ದೆ ತಾನಾಗೇ ಸರಿಹೋಗೋ ದಾರಿನೂ ಇದೆ, ನಂಗೆ ಆಫರು ಅಷ್ಟು ದಿನ ಕಾಯ್ತಿರ್ಲಿಲ್ಲ.

ಮಾಜಾಳಿ ದಾಟಿ ಗೋವಾಕ್ಕೆ ಹೋಗಿ ಕುಡಿದು ಬೈಕ್ ಓಡ್ಸಿ ದಂಡ ಕಟ್ಟಿ ಬರೋ ಹುಡುಗ್ರು ಇದನ್ನ ಓದಿ. 2018ರ ಡಿಸೆಂಬರ್ 18ರಿಂದ ಕೆನಡಾದಲ್ಲಿ ಕುಡಿದು ಓಡ್ಸೋದಕ್ಕೆ ಗರಿಷ್ಠ ಶಿಕ್ಷೆ ಹತ್ತು ವರ್ಷ, ಅಂದ್ರೆ ಅದು ಗಂಭೀರ ಸಾಲಿಗೆ ಹೋಯ್ತು, ಆ ತಾರೀಖಿನ ಮೇಲೆ ಆದದ್ದಕ್ಕೆ ಹತ್ತು ವರ್ಷ ಕಾದ್ರೂ ತಾನಾಗೇ ಸರಿಹೋಗೂದಿಲ್ಲ. ನನ್ನ ಕೆನ್ನೆಗೆ ಹೊಡೆದ ಕೇಸಿಗಿಂತ ಅದು ಭಾರ.

ಮೊನ್ನೆ ಪಿಆರ್, ಅಂದ್ರೆ ಕೆನಡಾದಲ್ಲಿ ಕಾಯಂ ಇರೋಕೆ ಅರ್ಜಿ ಹಾಕ್ದೆ. ಅಲ್ಲೂ ಅದೇ ಪ್ರಶ್ನೆ ಬಂತು. ಹೌದು ಅಂತ ಟಿಕ್ ಮಾಡಿ, ಮಂಜೂರಾತಿ ಪತ್ರ ಲಗತ್ತಿಸಿ, ಅವತ್ತು ನಾನು ಹೊಡೆದವ್ರಿಗೂ ಒಂದು ಫೋನ್ ಮಾಡಿ ಹೇಳ್ದೆ.