ಏರಿನಲ್ಲಿ ಕಾದ ಎಂಜಿನ್

ಏಪ್ರಿಲ್ ಮಧ್ಯಾಹ್ನ, ಬದಿಯಡ್ಕದಿಂದ ಪೆರ್ಲದ ಕಡೆಗೆ ಉಪನಯನದ ಊಟಕ್ಕೆ ಹೊರಟಿದ್ದೆವು. ಏರು ಹತ್ತುವಾಗ ಉಷ್ಣತೆಯ ಮುಳ್ಳು ಕೆಂಪಿಗೆ ತಾಗಿತು. ಎಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಬಿಸಿ ಒಂದಷ್ಟು ಒಳಗೆ ಬಂತು, ಜೊತೆಗೆ ಅತ್ತೆಯವರ ಗೊಣಗಾಟವೂ. ಹಲಸಿನ ಮರದಡಿ ನಿಲ್ಲಿಸಿ ಎಂಜಿನ್ ಆರಿಸಿದೆ.

"ಭಾವ, ಮುಚ್ಚಳ ತೆಗೆದು ನೀರು ಹಾಕಲೇ?" ಎಂದು ಭಾವಮೈದುನ ಬಾಟಲಿ ಹಿಡಿದೇ ಇಳಿದ. ಕೈ ಹಿಡಿದು ತಡೆದೆ. ರೇಡಿಯೇಟರಿನೊಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದೆವು. ಆಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಹಿಂದಕ್ಕಿಟ್ಟು, ಮೆಲ್ಲಗೆ ತಿರುಗಿಸಿದೆ. ನೀರು ಕಡಿಮೆಯಾಗಿರಲೇ ಇಲ್ಲ!

ಎಂಜಿನ್ ಶುರು ಮಾಡಿ ಎಸಿ ಹಾಕಿದರೂ ರೇಡಿಯೇಟರಿನ ಫ್ಯಾನ್ ತಿರುಗಲಿಲ್ಲ. ಆರಿಸಿ ನೋಡಿದರೆ ಅದರ ಫ್ಯೂಸ್ ಸುಟ್ಟಿತ್ತು. ಪೆಟ್ಟಿಗೆಯಲ್ಲಿದ್ದ, ಅದೇ ಆಂಪಿಯರಿನ ಬಿಡಿ ಫ್ಯೂಸ್ ಹಾಕಿದೆ, ಫ್ಯಾನ್ ತಿರುಗಿತು. ಫ್ಯೂಸ್ ಕಾರಣವಿಲ್ಲದೆ ಸುಡುವುದಿಲ್ಲವಲ್ಲ, ಮರುದಿನ ಗ್ಯಾರೇಜಿಗೆ ಒಯ್ದೆ. ಮೋಟರ್ ಸವೆದು ಬಿಗಿಯಾಗಿ, ಹೆಚ್ಚು ಕರೆಂಟ್ ಎಳೆಯುತ್ತಿತ್ತು.

ಪೆರ್ಲಕ್ಕೆ ತಲುಪಿದಾಗ ಪಾಯಸ ಮುಗಿದಿತ್ತು.