ಕಿಣ್ವ ಅಳೆಯಲು ಹೋಗಿ ಬಫರ್ ಅಳೆದದ್ದು

ಇಪ್ಪತ್ತೇ ನಿಮಿಷಕ್ಕೆ ಗ್ರಾಫು ನೆಟ್ಟಗೆ ಮೇಲೇರಿತ್ತು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ, ಹೊರಗೆ 42 ಡಿಗ್ರಿ. ನಮ್ಮಲ್ಲಿ ಎಸಿ ಇದ್ದದ್ದು ಮಾದರಿಗಳ ಹೊಳಪು ಅಳೆಯುವ ಪ್ಲೇಟ್ ರೀಡರ್ ಇರುವ ಕೋಣೆಗೆ ಮಾತ್ರ. ಅಲ್ಲೇ ಕೂತು ಖುಷಿಪಟ್ಟೆ.

ನಾನು ಹುಡುಕುತ್ತಿದ್ದದ್ದು ಕ್ಯಾಸ್ಪೇಸ್-3. ಜೀವಕೋಶ ತಾನಾಗಿ ಸಾಯಲು ಹೊರಟಾಗ ಒಳಗಿನ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ ಅದು. ಡಿ-ಇ-ವಿ-ಡಿ ಎಂಬ ನಾಲ್ಕು ಅಮೈನೊ ಆಮ್ಲಗಳ ಸಾಲು ಸಿಕ್ಕರೆ ಕೊನೆಯ ಡಿ ಆದ ಮೇಲೆ ಕತ್ತರಿ ಹಾಕುತ್ತದೆ. ಆ ಸಾಲಿರುವ ಪೆಪ್ಟೈಡ್, ಅಂದರೆ ಅಮೈನೊ ಆಮ್ಲಗಳ ಗಿಡ್ಡ ಸರಪಳಿ, ಅದರ ಒಂದು ತುದಿಗೆ ಹೊಳೆಯುವ ಡೈ, ಇನ್ನೊಂದು ತುದಿಗೆ ಸಿಸ್ಟೀನ್ ಎಂಬ ಅಮೈನೊ ಆಮ್ಲ. ಸಿಸ್ಟೀನ್‌ನ ಗಂಧಕ ಚಿನ್ನದ ನ್ಯಾನೊಕಣಕ್ಕೆ ಅಂಟುತ್ತದೆ. ಚಿನ್ನದ ಮಗ್ಗುಲಲ್ಲಿ ಇರುವ ತನಕ ಡೈ ಹೊಳೆಯುವುದಿಲ್ಲ. ಕಿಣ್ವ ಕತ್ತರಿಸಿದರೆ ಡೈ ದೂರ ಹೋಗಿ ಬೆಳಗುತ್ತದೆ.

ಚಿನ್ನದ ಕಣ ನಾವೇ ಮಾಡಿಕೊಳ್ಳುತ್ತೇವೆ. 1 ಮಿಲಿಮೋಲಾರ್ ಗೋಲ್ಡ್ ಕ್ಲೋರೈಡ್ ಕುದಿಯುವಾಗ ಸಿಟ್ರೇಟ್ ಒಮ್ಮೆಲೇ ಸುರಿಯಬೇಕು. ತಿಳಿಹಳದಿ ಹೋಗಿ ನೀರಿನಂತಾಗುತ್ತದೆ, ಆಮೇಲೆ ಕಪ್ಪು ಛಾಯೆ, ಕೊನೆಗೆ ಕಡುಗೆಂಪು. ಕಣ ಸುಮಾರು 13 ನ್ಯಾನೊಮೀಟರ್. ಎಷ್ಟು ಸಲ ಮಾಡಿದರೂ ನೋಡಲು ಬೇಸರವಾಗಲ್ಲ. ಒಂದು ಸಲ ಆತುರಕ್ಕೆ ಬಿದ್ದು ಬಾಟಲಿಯನ್ನು ಬೋರ್ ನೀರಿನಲ್ಲೇ ತೊಳೆದು ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಲ್ಯಾಬಿನ ಕಾಕಾ ಬಾಟಲಿ ಎತ್ತಿ ತೋರಿಸಿದರು: "ಮೇಡಮ್, ನಿನ್ನಿ ದಾಳಿಂಬಿ ರಸದಂಗಿತ್ತು, ಇವತ್ತು ನೇರಳೆ ಹಣ್ಣಿನಂಗ ಆಗ್ಯಾದಲ್ರಿ!" ಗಡಸು ನೀರಿನ ಉಪ್ಪಿಗೆ ಕಣಗಳೆಲ್ಲ ಗುಂಪುಗಟ್ಟಿದ್ದವು.

ಅದು ಕಣ್ಣಿಗೆ ಕಾಣುವ ತಪ್ಪು. ಗ್ರಾಫಿನ ತಪ್ಪು ಕಾಣಲಿಲ್ಲ. ಹೀಲಾ ಎಂದರೆ ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು. ಸ್ಟಾರೊಸ್ಪೊರಿನ್ ಎಂಬ ರಾಸಾಯನಿಕ ಕೊಟ್ಟು ಸಾಯಿಸಿದ ಹೀಲಾ ಕೋಶಗಳನ್ನು ಒಡೆದು ತೆಗೆದ ರಸ ಬೆಳಗಿತು, ಸರಿ. ಆರೋಗ್ಯವಾಗಿದ್ದ ಕೋಶಗಳ ರಸವೂ ಹೆಚ್ಚುಕಡಿಮೆ ಅಷ್ಟೇ ಬೆಳಗಿತು. ಕ್ಯಾಸ್ಪೇಸನ್ನು ತಡೆಯುವ ಇನ್ಹಿಬಿಟರ್ ಹಾಕಿದೆ, ಏರಿಕೆ ನಿಲ್ಲಲಿಲ್ಲ. ಕೊನೆಗೆ ಕೋಶವೇ ಇಲ್ಲದೆ ಬರೀ ಬಫರ್ ಹಾಕಿದೆ, ಅಂದರೆ ಕಿಣ್ವ ಕೆಲಸ ಮಾಡಲು ಬಳಸುವ ದ್ರಾವಣ ಮಾತ್ರ. ಅದೂ ಬೆಳಗಿತು!

ಬಫರ್‌ನಲ್ಲಿ ಡಿಟಿಟಿ ಎಂಬ ರಾಸಾಯನಿಕ ಇತ್ತು. ಕ್ಯಾಸ್ಪೇಸ್ ಕೆಲಸ ಮಾಡುವುದು ತನ್ನ ಸಿಸ್ಟೀನ್‌ನಿಂದ, ಅದು ಕೆಡದಿರಲಿ ಎಂದು ಎಲ್ಲರೂ 10 ಮಿಲಿಮೋಲಾರ್‌ನಷ್ಟು ಡಿಟಿಟಿ ಹಾಕುತ್ತಾರೆ. ನಾನೂ ಹಳೇ ಪ್ರೋಟೊಕಾಲ್ ನೋಡಿ ಸುರಿದಿದ್ದೆ. ಡಿಟಿಟಿಯಲ್ಲಿ ಎರಡು ಗಂಧಕ. ಅವು ಚಿನ್ನದ ಮೇಲೆ ಜಾಗ ಹಿಡಿದು ನನ್ನ ಪೆಪ್ಟೈಡನ್ನು ಇಡಿಯಾಗಿ ಹೊರದಬ್ಬಿದ್ದವು. ಕತ್ತರಿಸಿದ್ದು ಯಾರೂ ಇಲ್ಲ, ಡೈ ಮಾತ್ರ ಬಿಡುಗಡೆ ಆಗಿತ್ತು. ಮಾದರಿ ಪ್ಲೇಟಿನಲ್ಲಿ ಬರೀ ಬಫರ್ ಹಾಕಬೇಕೆಂದು ಮೊದಲ ದಿನವೇ ಹೊಳೆಯಬೇಕಿತ್ತು, ಅಲ್ವಾ?

ಡಿಟಿಟಿ ಬಿಟ್ಟು, ಅದೇ ಕೆಲಸ ಮಾಡುವ ಆದರೆ ಗಂಧಕವಿಲ್ಲದ ಟಿಸಿಇಪಿಗೆ ಬಂದೆ, ಅದೂ ಕಡಿಮೆ ಪ್ರಮಾಣದಲ್ಲಿ. ಹೈದರಾಬಾದಿನಿಂದ ಬರಲು ವಾರ ಹಿಡಿಯಿತು. ಪೆಪ್ಟೈಡ್‌ಗೆ ಸಿಸ್ಟೀನ್ ಬದಲು ಎರಡು ಗಂಧಕವಿರುವ ಲಿಪೊಯಿಕ್ ಆಮ್ಲ ಕಟ್ಟಿಸಿದೆ, ಎರಡು ಕೈಯಲ್ಲಿ ಹಿಡಿದಂತೆ. ಜೊತೆಗೆ ಕೊನೆಯ ಡಿ ತೆಗೆದು ಅಲನೈನ್ ಇಟ್ಟ ಪೆಪ್ಟೈಡ್ ಒಂದು. ಕ್ಯಾಸ್ಪೇಸ್ ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಅದು ಬೆಳಗಿದರೆ ಕಾರಣ ಬೇರೆ ಎಂದು ಗೊತ್ತಾಗುತ್ತದೆ. ದುಡ್ಡು ಜಾಸ್ತಿ ಆಯಿತು, ಗೈಡ್ ಮುಖ ಸಣ್ಣಗಾಯಿತು.

ಈಗ ಗ್ರಾಫು ಮೆಲ್ಲಗೆ ಏರುತ್ತದೆ, ಒಂದೂವರೆ ಗಂಟೆ ಬೇಕು. ಇನ್ಹಿಬಿಟರ್ ಹಾಕಿದರೆ ಮಲಗುತ್ತದೆ. ರಸ ತೆಗೆಯದೆ ಜೀವಂತ ಕೋಶದೊಳಗೇ ಅಳೆಯುವ ಕೆಲಸ ಇನ್ನೂ ಬಾಕಿ ಇದೆ. ಅಲ್ಲಿ ಕೋಶ ತಾನೇ ಮಾಡಿಕೊಳ್ಳುವ ಗ್ಲುಟಾಥಯೋನ್ ಎಂಬ ಸಣ್ಣ ಅಣು ಕೂತಿದೆ, 1ರಿಂದ 10 ಮಿಲಿಮೋಲಾರ್. ಅದಕ್ಕೂ ಗಂಧಕ ಇದೆ.