ಅರ್ಧ ಕೆಲಸ ಆದ ಸ್ಪೋರ್ಟ್ಸ್ ಕಾರು ಮನೆಗೆ ಬಂದಿದೆಯೇ? ಬಣ್ಣದ ಅಂಗಡಿಗೆ ಓಡಬೇಡಿ

ಯಾರೋ ರಿಪೇರಿ ಶುರು ಮಾಡಿ, ಸುಸ್ತಾಗಿ ಮಾರಿದ ಹಳೆಯ ಗಾಡಿಯನ್ನು ಕೊಂಡವರು ಮೊದಲು ಕೇಳುವುದು "ಯಾವ ಕೆಂಪು ಚೆಂದ?" ಅಂತ. ಮಾರಾಯ್ರೆ, ಬಣ್ಣ ಕೊನೆಗೆ.

ಉದಾಹರಣೆಗೆ ಟ್ರಯಂಫ್ ಸ್ಪಿಟ್‌ಫೈರ್ ಇಟ್ಟುಕೊಳ್ಳೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎರಡು ಸೀಟಿನ ಕಾರು. ಇದರ ಮೂಲ ಟ್ರಯಂಫ್ ಹೆರಾಲ್ಡ್, ಅಂದರೆ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಅಣ್ಣ. ಹಾಗಾಗಿ ಹೆರಾಲ್ಡ್ ಬಿಚ್ಚಿ ಜೋಡಿಸಿದ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕರೆ ಬಿಡಬೇಡಿ.

ಮೊದಲು ದಾಖಲೆ. ಚಾಸಿಸ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಲ್ಲಿ ಹೊಸ ನೋಂದಣಿ ಮಾಡಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆಮೇಲೆ ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ.

ಎರಡನೆಯದು ಬಿಚ್ಚಿಟ್ಟ ಭಾಗಗಳ ಡಬ್ಬಗಳು. ಅಂಗಳದಲ್ಲಿ ಅಡಿಕೆ ಹರವಿದ ಹಾಗೆ ಎಲ್ಲವನ್ನೂ ಹರವಿ, ಫೋಟೊ ತೆಗೆದು, ಚೀಟಿ ಕಟ್ಟಿ. ಮಾರಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇನ್ನೊಂದು ತಿಂಗಳಿಗೆ ಅವರಿಗೂ ಮರೆತಿರುತ್ತದೆ. ನಟ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ನಟ್ಟಿಗೆ 13 ಎಂಎಂ ಸ್ಪ್ಯಾನರ್ ಕೂತ ಹಾಗೆ ಕಾಣುತ್ತದೆ, ಆದರೆ ಸಡಿಲ. ಎರಡು ಸಲ ತಿರುಗಿಸಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ.

ಈಗ ಬಾಡಿ. ಜನ ಕೆಡುವುದು ಇಲ್ಲೇ.

ಮಾರುವವರು "ಟಿಂಕರಿಂಗ್ ಮುಗಿದಿದೆ, ಪ್ರೈಮರ್ ಹೊಡೆದಿದೆ" ಅನ್ನುತ್ತಾರೆ. ಪ್ರೈಮರ್ ನೀರು ಹೀರುತ್ತದೆ. ಮಲ್ಪೆ, ಪಣಂಬೂರಿನ ಉಪ್ಪುಗಾಳಿಯಲ್ಲಿ ಬರೀ ಪ್ರೈಮರಿನಲ್ಲಿ ಎರಡು ಮಳೆಗಾಲ ನಿಂತ ಗಾಡಿಗೆ ಒಳಗಿಂದ ತುಕ್ಕು ಹಿಡಿದಿರುತ್ತದೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆಲ್ಲ ಆಡಿಸಿ. ಹಿಡಿಯದ ಕಡೆ ಇರುವುದು ಪುಟ್ಟಿ.

ಮುಖ್ಯ ಜಾಗ ಬಾಗಿಲಿನ ಕೆಳಗಿನ ಉದ್ದ ತಗಡಿನ ಪೆಟ್ಟಿಗೆ, ಅಂದರೆ ಸಿಲ್. ಹೆರಾಲ್ಡ್‌ನಲ್ಲಿ ಚಾಸಿಸ್ಸಿನ ಬದಿಯ ಕಂಬಿಗಳು ಭಾರ ಹೊರುತ್ತವೆ. ಸ್ಪಿಟ್‌ಫೈರ್‌ಗೆ ಆ ಕಂಬಿಗಳಿಲ್ಲ, ಸಿಲ್ಲೇ ಹೊರಬೇಕು. ಬಾಗಿಲು ಮುಚ್ಚಿ ಹಿಂದಿನ ಸಂದು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವಲ್ಲಿ ಕುಸಿದಿದೆ. ಟಾರ್ಚ್ ಹಿಡಿದು ಕೆಳಗೂ ಮಲಗಿ ನೋಡಿ. ಕೊಳೆತ ತಗಡಿನ ಮೇಲೆಯೇ ಹೊಸದನ್ನು ಹೊದೆಸಿರುತ್ತಾರೆ.

ಸಿಲ್ ಬದಲಿಸುವಾಗ ಬಾಗಿಲು ತೆಗೆದು, ಆ ಚೌಕಟ್ಟಿಗೆ ಅಡ್ಡಲಾಗಿ ಚೌಕ ಪೈಪ್ ವೆಲ್ಡ್ ಮಾಡಿ. ಒಂದು ಕಡೆ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು. ಮೊದಲು ಚುಕ್ಕಿ ವೆಲ್ಡ್ ಸಾಕು. ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ. ಸರಿ ಕೂತರೆ ಮಾತ್ರ ಪೂರ್ತಿ ವೆಲ್ಡಿಂಗ್. ನನ್ನ ಸ್ನೇಹಿತರೊಬ್ಬರ ಗಾಡಿಯಲ್ಲಿ ಎರಡೂ ಕಡೆ ಒಟ್ಟಿಗೆ ಕತ್ತರಿಸಿದರು. ಹೊಸ ಸಿಲ್ ಕೂತಿತು, ಬಾಗಿಲು ಕೂರಲಿಲ್ಲ. ಕೊನೆಗೆ ಬಾಗಿಲಿನ ಅಂಚನ್ನೇ ಗ್ರೈಂಡ್ ಮಾಡಿದರು!

ಅಂದ ಹಾಗೆ, ಗಾಡಿಯ ತಳಕ್ಕೆ ಬಳಿಯುವ ಆ ಕಪ್ಪು ಡಾಂಬರಿನಂಥ ಕೋಟಿಂಗ್ ನನಗೆ ಸುತರಾಂ ಇಷ್ಟವಿಲ್ಲ. ಬಿರುಕು ಬಿಟ್ಟರೆ ನೀರು ಒಳಗೇ ಉಳಿಯುತ್ತದೆ. ಸಿಲ್ ಪೆಟ್ಟಿಗೆಯೊಳಗೆ ಮೇಣದ ಸ್ಪ್ರೇ ಹಾಕಿ, ನೀರು ಇಳಿಯುವ ತೂತು ಮುಚ್ಚಬೇಡಿ.

ಎಂಜಿನ್ ಹಿಡಿದುಕೊಂಡು ತಿರುಗದಿದ್ದರೆ ಸ್ಟಾರ್ಟರ್ ಮುಟ್ಟಬೇಡಿ. ಪ್ಲಗ್ ತೆಗೆದು ಸ್ವಲ್ಪ ಆಯಿಲ್ ಬಿಟ್ಟು, ಎರಡು ದಿನ ಕಾದು ಸ್ಪ್ಯಾನರಿನಲ್ಲಿ ತಿರುಗಿಸಿ. ಬ್ರೇಕಿನ ರಬ್ಬರ್ ಎಲ್ಲ ಹೊಸದೇ ಹಾಕಿ, ಚರ್ಚೆ ಬೇಡ.

ಬಣ್ಣ? ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ. ಎಲ್ಲ ಬಾಗಿಲು, ಬಾನೆಟ್, ಡಿಕ್ಕಿ ಒಮ್ಮೆ ಜೋಡಿಸಿ ನೋಡಿ, ಮತ್ತೆ ಬಿಚ್ಚಿ, ಆಮೇಲೆ.